ನೀರಿನ ದಾರಿ ಬಲ್ಲ ಸೂಜಿ ಅಕ್ಕ

ಮಳೆ ಬಂತು ಅನ್ನುವ ಹಾಗೂ ಇಲ್ಲ, ಬರಲಿಲ್ಲ ಅನ್ನುವ ಹಾಗೂ ಇಲ್ಲ, ಅಂಥದೊಂದು ಬೆಳಗು. ಮೂರು ದಿನದಿಂದ ಬೀಸಿದ ಗಾಳಿ ಊರಿನ ಧೂಳನ್ನೆಲ್ಲ ಎತ್ತಿ ಗಾಡಿಗಳ ಮೇಲೆ ಹೊದಿಸಿದೆ. ನಸುಕಿನಲ್ಲಿ ಅದರ ಮೇಲೆ ನಾಲ್ಕು ಹನಿ ಉದುರಿ ನಿಂತುಬಿಟ್ಟಿದೆ. ತೊಳೆಯುವಷ್ಟು ನೀರಿಲ್ಲ, ಕೆಸರು ಮಾಡುವಷ್ಟಿದೆ. ಗಾಡಿ ಓಡಿಸುವವರು ಮುಗಿಲು ನೋಡಿ ಗೊಣಗುವುದು ಇಂಥ ಹೊತ್ತಿನಲ್ಲೇ. ಪೆಟ್ರೋಲ್ ಬಂಕಿನ ಪಕ್ಕ, ತಗಡಿನ ಮಾಡಿನ ಕೆಳಗೆ, ಐವತ್ತೆರಡು ವರ್ಷದ ಹೆಂಗಸೊಬ್ಬರು ಮಾತ್ರ ಗೊಣಗದೆ ಸೆರಗು ಬಿಗಿದುಕೊಳ್ಳುತ್ತಾರೆ. ಕೊರಳ ಬಳಿ ರವಿಕೆಗೆ ಚುಚ್ಚಿಕೊಂಡ ಸೂಜಿ ಇದೆಯೋ ಇಲ್ಲವೋ ಎಂದು ಬೆರಳಿಂದ ಮುಟ್ಟಿ ನೋಡಿಕೊಳ್ಳುತ್ತಾರೆ. ಇದೆ. ಅಲ್ಲಿಗೆ ಅವರ ದಿನ ಶುರುವಾದಂತೆ.

ಅವರನ್ನು ಎಲ್ಲರೂ ಕರೆಯುವುದು ಸೂಜಿ ಅಕ್ಕ ಎಂದು. ಎಂಜಿನ್ ಬಿಚ್ಚುವುದಿಲ್ಲ, ಚಕ್ರ ಕಳಚುವುದಿಲ್ಲ. ಗಾಡಿಯ ಮುಂದಿನ ಗಾಜಿಗೆ ನೀರು ಚಿಮ್ಮುತ್ತದಲ್ಲ, ಸ್ಟೀರಿಂಗ್ ಪಕ್ಕದ ಕಡ್ಡಿ ಎಳೆದರೆ ಎರಡು ಎಳೆಯಾಗಿ ಮೇಲೆದ್ದು ಗಾಜಿನ ಮೇಲೆ ಬೀಳುವ ಆ ನೀರು, ಅದು ನಿಂತುಹೋದರೆ ಮತ್ತೆ ಬರಿಸುವುದು ಅವರ ಕೆಲಸ. ಇಷ್ಟು ಸಣ್ಣ ಕೆಲಸಕ್ಕೆ ಒಬ್ಬರು ಬದುಕನ್ನೇ ಕೊಡುತ್ತಾರೆಯೇ ಎಂದು ಯಾರಿಗಾದರೂ ಅನಿಸಬಹುದು. ಇಪ್ಪತ್ತೊಂದು ವರ್ಷದಿಂದ ಕೊಟ್ಟಿದ್ದಾರೆ.

ಇನ್ನೂ ಆರು ಗಂಟೆಯಾಗಿಲ್ಲ, ಹಳದಿ ಬಣ್ಣದ ಶಾಲಾ ವ್ಯಾನೊಂದು ಮಾಡಿನ ಮುಂದೆ ಬಂದು ನಿಲ್ಲುತ್ತದೆ. ಓಡಿಸಿಕೊಂಡು ಬಂದವಳು ಮೂವತ್ತರ ಆಸುಪಾಸಿನ ಹೆಂಗಸು. ಗಾಜಿನ ಮೇಲೆ ಒದ್ದೆ ಬಟ್ಟೆ ಎಳೆದ ಗುರುತು ಅರ್ಧ ಚಂದ್ರನಂತೆ ಉಳಿದಿದೆ. ಆಕೆ ಇಳಿದವಳೇ ನಮಸ್ಕಾರವನ್ನೂ ಹೇಳದೆ ಮಾತಿಗೆ ಬೀಳುತ್ತಾಳೆ.

“ಅಕ್ಕ, ಇವತ್ತು ಹನ್ನೊಂದಕ್ಕೆ ಗಾಡಿ ತಪಾಸಣೆ. ಎರಡು ಸಲ ಆಗ್ಲೇ ಫೇಲು. ಬ್ರೇಕು ಸರಿ, ಲೈಟು ಸರಿ, ಗಾಜಿಗೆ ನೀರು ಬರಲ್ಲ ಅಂತ ಫೇಲು. ಇವತ್ತೂ ಆಗ್ಲಿಲ್ಲ ಅಂದ್ರೆ ಶಾಲೆಯವ್ರು ನನ್ನ ದಾರಿನ ಬೇರೆ ವ್ಯಾನಿಗೆ ಕೊಡ್ತಾರಂತೆ. ಹದಿನಾಲ್ಕು ಮಕ್ಕಳು ಅಕ್ಕ. ಆರು ವರ್ಷದಿಂದ ನಾನೇ ಕರ್ಕೊಂಡ್ ಹೋಗ್ತಿರೋದು.”

“ಮೊದಲು ಉಸಿರು ತಗೋ ತಂಗಿ,” ಎನ್ನುತ್ತಾರೆ ಸೂಜಿ ಅಕ್ಕ. “ನೀರಿದ್ಯಾ? ಸದ್ದಿದ್ಯಾ? ಒದ್ದೆ ಇದ್ಯಾ?”

ಯಾವ ಗಾಡಿ ಬಂದರೂ ಸಲಕರಣೆ ಮುಟ್ಟುವ ಮೊದಲು ಈ ಮೂರು ಪ್ರಶ್ನೆ ಕೇಳದೆ ಅವರು ಮುಂದೆ ಹೋಗುವುದಿಲ್ಲ. ತೊಟ್ಟಿಯಲ್ಲಿ ನೀರಿದೆಯೇ? ಕಡ್ಡಿ ಎಳೆದಾಗ ಮೋಟರು ಗುಂಯ್ ಎನ್ನುತ್ತದೆಯೇ? ಗಾಡಿಯ ಕೆಳಗೆ ಎಲ್ಲಾದರೂ ಒದ್ದೆಯಾಗುತ್ತದೆಯೇ? ನೀರಿಲ್ಲದಿದ್ದರೆ ತುಂಬಿದರಾಯಿತು. ಸದ್ದಿಲ್ಲದಿದ್ದರೆ ಫ್ಯೂಸು ಇಲ್ಲವೇ ಮೋಟರು ಹೋಗಿದೆ. ಒದ್ದೆಯಾಗಿದ್ದರೆ ಪೈಪು ಸೀಳಿದೆ. ನೀರೂ ಇದ್ದು, ಸದ್ದೂ ಇದ್ದು, ನೆಲ ಒಣಗಿದ್ದರೆ ದಾರಿಯಲ್ಲೆಲ್ಲೋ ನೀರನ್ನು ಯಾರೋ ತಡೆದು ನಿಲ್ಲಿಸಿದ್ದಾರೆ ಎಂದೇ ಅರ್ಥ. ಬಹುಪಾಲು ತಡೆದಿರುವುದು ನೀರು ಹೊರಬೀಳುವ ಕಿಂಡಿಯಲ್ಲಿ ಸಿಕ್ಕ ಧೂಳಿನ ಒಂದು ಕಣ.

ವ್ಯಾನಿನಲ್ಲಿ ನೀರಿದೆ, ಸದ್ದಿದೆ, ಒದ್ದೆಯಿಲ್ಲ. ಸೂಜಿ ಅಕ್ಕ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. “ನೋಡೋ ಕಣ್ಣನ್ನ ಕಾಪಾಡು ದೇವರೇ” ಎಂದು ತುಟಿಯಲ್ಲೇ ಅಂದುಕೊಳ್ಳುತ್ತಾರೆ. ಇದೂ ಪ್ರತಿ ಗಾಡಿಗೂ ಉಂಟು.

ಈ ಪ್ರಾರ್ಥನೆ ಹುಟ್ಟಿದ್ದು ಅವರ ತಮ್ಮನ ಆಸ್ಪತ್ರೆಯ ಮಂಚದ ಪಕ್ಕದಲ್ಲಿ. ಆಗ ಅವರು ದರ್ಜಿ. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ತಮ್ಮ ಲಾರಿ ಓಡಿಸುತ್ತಿದ್ದ. ಇಂಥದೇ ಒಂದು ಕೆಸರು ಹನಿಯ ಬೆಳಗ್ಗೆ, ಎದುರಿಗೆ ಹುಟ್ಟುವ ಸೂರ್ಯ, ಮುಂದಿನ ಗಾಡಿ ಎರಚಿದ ರಾಡಿ. ಕಡ್ಡಿ ಎಳೆದ, ನೀರು ಬರಲಿಲ್ಲ. ವೈಪರು ರಾಡಿಯನ್ನು ಗಾಜಿನ ತುಂಬ ಬಳಿದು ಕೂತಿತು. ಲಾರಿ ಕಲ್ಲುಗೋಡೆಗೆ ಹೋಗಿ ಬಡಿಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ, ಅವನ ಬಲಗಾಲು ಮಾತ್ರ ಮೊದಲಿನಂತಾಗಲಿಲ್ಲ.

“ಮೂರು ಸೆಕೆಂಡು ಕುರುಡಾಗಿದ್ದೆ ಅಷ್ಟೇ,” ಎನ್ನುತ್ತಾನೆ ತಮ್ಮ. ಈಗ ಅವನು ಮಾಡಿನ ಮೂಲೆಯಲ್ಲಿ ಕೂತು ರಬ್ಬರ್ ಪೈಪುಗಳನ್ನು ಅಳತೆಗೆ ಕತ್ತರಿಸಿ ಜೋಡಿಸುತ್ತಾನೆ, ಮಧ್ಯೆ ಮಧ್ಯೆ ಚಹಾ ಕಾಸುತ್ತಾನೆ. “ಬ್ರೇಕ್ ಇತ್ತು, ಲೈಟ್ ಇತ್ತು, ಹಾರ್ನ್ ಇತ್ತು. ಒಂದು ತೊಟ್ಟು ನೀರಿರ್ಲಿಲ್ಲ.”

ಆ ಮಾತು ಅಕ್ಕನ ಎದೆಯಲ್ಲಿ ಕೂತುಬಿಟ್ಟಿತು. ಜಜ್ಜಿದ ಲಾರಿಯನ್ನು ನೋಡಲೇಬೇಕೆಂದು ಹಟ ಹಿಡಿದು ಹೋದರು. ತೊಟ್ಟಿಯಲ್ಲಿ ನೀರು ಇನ್ನೂ ತುಳುಕುತ್ತಿತ್ತು. ಕಿಂಡಿಯ ಬಾಯಲ್ಲಿ ಸಾಸಿವೆಗಿಂತ ಸಣ್ಣದೊಂದು ಮಣ್ಣಿನ ಹರಳು. ರವಿಕೆಗೆ ಚುಚ್ಚಿದ್ದ ಸೂಜಿ ತೆಗೆದು ಮೀಟಿದರು, ಅದು ಉದುರಿತು. “ಇಷ್ಟೇನಾ ಅಂತ ಅಲ್ಲೇ ಕೂತು ಅತ್ತೆ,” ಎನ್ನುತ್ತಾರೆ ಅವರು. “ನನ್ನ ಹತ್ರ ಇದ್ದ ಸೂಜಿನೇ ಸಾಕಿತ್ತಲ್ಲಪ್ಪಾ ಅಂತ.”

ಮರುತಿಂಗಳೇ ಒಂದು ಗ್ಯಾರೇಜಿಗೆ ಹೋಗಿ ಕೆಲಸ ಕಲಿಸಿ ಎಂದು ಕೇಳಿಕೊಂಡರು. ಅಲ್ಲಿಯವರು ನಕ್ಕರು. ಹರಿದ ಸೀಟಿಗೆ ಹೊಲಿಗೆ ಹಾಕಮ್ಮ ಎಂದರು. ಹಾಕಿದರು. ಹಾಕುತ್ತಲೇ ನಾಲ್ಕು ವರ್ಷ ಎಲ್ಲವನ್ನೂ ನೋಡಿ ಕಲಿತರು. ಹೊಲಿಗೆಯನ್ನು ಬಿಟ್ಟು ಬಂದರೂ ಹೊಲಿಗೆ ಅವರನ್ನು ಬಿಟ್ಟಿಲ್ಲ. ಕಿಂಡಿಗೆ ಸೂಜಿ, ಪೈಪಿನ ಅಳತೆಗೆ ದರ್ಜಿಯ ಟೇಪು, ಗುರುತಿಗೆ ಬಟ್ಟೆಗೆ ಹಾಕುವ ಸೀಮೆಸುಣ್ಣ. ಪೈಪನ್ನು ಕಟ್ಟುವುದು ಕೂಡ ಮೇಣ ಸವರಿದ ದಾರದಿಂದ, ಗುಂಡಿ ಹೊಲಿದು ಮುಗಿಸುವ ಗಂಟು ಹಾಕಿ. ಆ ಗಂಟನ್ನು ಈ ಊರಿನಲ್ಲಿ ಇನ್ನೊಬ್ಬರು ಹಾಕುವುದಿಲ್ಲ.

ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಗಾಡಿ, ಇವತ್ತಿನಂಥ ಹವೆಯಾದರೆ ನಲವತ್ತು ದಾಟುತ್ತದೆ. ಹತ್ತರಲ್ಲಿ ಆರಕ್ಕೆ ಕಿಂಡಿ ಕಟ್ಟಿರುತ್ತದೆ. ಒಂದೆರಡಕ್ಕೆ ಮೋಟರೋ ಫ್ಯೂಸೋ. ಒಂದಕ್ಕಂತೂ ತೊಟ್ಟಿಯೇ ಬರಿದು. “ನೀರು ಹಾಕಿದ್ರಾ ಅಂತ ಕೇಳಿದ್ರೆ, ಅದಕ್ಕೂ ನಾವೇ ಹಾಕ್ಬೇಕಾ ಅಂತಾರೆ!” ಎಂದು ಅವರು ಬಾಯಿಗೆ ಸೆರಗು ಹಿಡಿದು ನಗುತ್ತಾರೆ. ಉಳಿದವರು ಬುದ್ಧಿವಂತರು. ಗಾಜು ಫಳಫಳ ಹೊಳೆಯಲೆಂದು ತಲೆಗೆ ಹಾಕುವ ಶಾಂಪೂ ಸುರಿದವರು, ಪಾತ್ರೆ ತೊಳೆಯುವ ಸೋಪು ಕಲಸಿದವರು. ಅದು ಪೈಪಿನೊಳಗೆ ಗಂಜಿಯಾಗಿ ಕೂತಿರುತ್ತದೆ. ದೊಡ್ಡ ಸಿರಿಂಜಿನಲ್ಲಿ ಬಿಸಿನೀರು ಹಾಯಿಸಿ ಅದನ್ನು ಹೊರಡಿಸುವ ಹೊತ್ತಿಗೆ ಸೂಜಿ ಅಕ್ಕನ ತೋಳು ಸೋತಿರುತ್ತದೆ.

ಇತ್ತ ವ್ಯಾನಿನ ಬಾನೆಟ್ ತೆರೆದಿದೆ. ಸೂಜಿ ಅಕ್ಕ ಪೈಪಿನ ಮೇಲೆ ಎರಡು ಬೆರಳಿಟ್ಟು, ವೈದ್ಯರು ನಾಡಿ ಹಿಡಿದ ಹಾಗೆ ನಿಂತು, “ಎಳಿ” ಎನ್ನುತ್ತಾರೆ. ವ್ಯಾನಿನಾಕೆ ಒಳಗೆ ಕೂತು ಕಡ್ಡಿ ಎಳೆಯುತ್ತಾಳೆ. ಎರಡು ಎಳೆ ನೀರು ಗಾಜಿನ ಮೇಲಿಂದ ಟಣ್ಣನೆ ಚಿಮ್ಮಿ ಹೋಗುತ್ತದೆ. ಮತ್ತೆ ಎಳೆದರೆ ಮತ್ತೆ ಚಿಮ್ಮುತ್ತದೆ.

“ಬರ್ತಿದೆಯಲ್ಲೇ!”

“ನೋಡಿ, ಇದೇ ನನ್ನ ಹಣೆಬರಹ,” ಎನ್ನುತ್ತಾಳೆ ಆಕೆ. “ನಿಮ್ಮೆದುರಿಗೆ ಬರುತ್ತೆ, ತಪಾಸಣೆ ಸಾಹೇಬರ ಮುಂದೆ ಬರಲ್ಲ, ರಸ್ತೆ ಮೇಲೆ ಬರಲ್ಲ. ಹೋದ ವಾರ ಬಂದಾಗ್ಲೂ ಹೀಗೇ ಆಯ್ತು. ಗಾಡಿ ಸರಿ ಇದೆ, ನಿನ್ನ ಕೈಯೇ ಸರಿ ಇಲ್ಲ, ಕಡ್ಡಿ ಎಳೆಯೋದು ಕಲಿ ಅಂದ್ರಿ ನೀವು. ಬೆಂಚಿನ ಮೇಲಿದ್ದೋರೆಲ್ಲ ಬಿದ್ದು ಬಿದ್ದು ನಕ್ರು. ಇವತ್ತಿಗೂ ನನ್ನ ಕಂಡ್ರೆ ಕೈ ಮೇಡಂ ಬಂದ್ರು ಅಂತಾರೆ.”

ಸೂಜಿ ಅಕ್ಕ ಹಾಗೆ ಅಂದದ್ದು ನಿಜ. ಮಾಡಿನ ಎದುರಿನ ಬೆಂಚು ಟ್ಯಾಕ್ಸಿಯವರದು. ಅಲ್ಲಿ ಬಿದ್ದ ಮಾತು ಮಧ್ಯಾಹ್ನದೊಳಗೆ ಊರು ಸುತ್ತಿ ಬರುತ್ತದೆ. ಅವರು ಕಿಂಡಿಗಳಿಗೆ ಸೂಜಿ ಹಾಕಿ ನೋಡುತ್ತಾರೆ, ಚೊಕ್ಕ. ಸಿರಿಂಜಿನಿಂದ ನೀರು ಹಾಯಿಸುತ್ತಾರೆ, ಸರಾಗ. ಗಡಿಯಾರ ಆರೂವರೆ ದಾಟಿದೆ. ಏಳಕ್ಕೆ ಮೊದಲ ಮಗು ಬಾಗಿಲಲ್ಲಿ ಕಾಯುತ್ತದೆ.

ಆಗ ವ್ಯಾನಿನಾಕೆ ಇಳಿದು ಬಂದು ಬಾನೆಟ್ಟನ್ನು ದಡ್ ಎಂದು ಮುಚ್ಚುತ್ತಾಳೆ. “ಅಕ್ಕ, ಒಂದೇ ಒಂದು ಸಲ ನೀವು ಒಳಗೆ ಕೂತ್ಕೊಳಿ. ನಾನು ಕೂರೋ ಜಾಗದಲ್ಲಿ ಕೂತು ನೋಡಿ.”

ಇಲ್ಲಿ ಒಂದು ಸಂಗತಿ ಹೇಳಬೇಕು. ಸೂಜಿ ಅಕ್ಕನಿಗೆ ಗಾಡಿ ಓಡಿಸಲು ಬರುವುದಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಸಾವಿರಾರು ಗಾಜಿಗೆ ನೀರು ಬರಿಸಿದ್ದಾರೆ, ಒಮ್ಮೆಯೂ ಚಾಲಕರ ಸೀಟಿನಲ್ಲಿ ಕೂತವರಲ್ಲ. ಯಾರೋ ಒಳಗಿಂದ ಎಳೆಯುತ್ತಾರೆ, ಅವರು ತೆರೆದ ಬಾನೆಟ್ಟಿನ ಮುಂದೆ ನಿಂತು ಪೈಪು ಹಿಡಿದಿರುತ್ತಾರೆ. ಅದೇ ರೂಢಿ. ಆ ಸೀಟು ತಮ್ಮನಂಥವರದು ಎಂಬ ಅಂಜಿಕೆಯೂ ಒಳಗೊಳಗೆ ಇತ್ತೇನೋ.

ಇವತ್ತು ಏರಿ ಕೂರುತ್ತಾರೆ. ಎದುರಿನ ಗಾಜು ಕೆಸರಿನ ಚುಕ್ಕೆಗಳಿಂದ ತುಂಬಿದೆ, ಆಚೆಗಿನ ರಸ್ತೆ ಅರೆಬರೆ ಕಾಣುತ್ತದೆ. ಕಡ್ಡಿ ಎಳೆಯುತ್ತಾರೆ. ಗುಂಯ್ ಎಂಬ ಸದ್ದು. ನೀರಿಲ್ಲ. ಮತ್ತೆ ಎಳೆಯುತ್ತಾರೆ. ವೈಪರು ಕೆಸರನ್ನು ಗಾಜಿನ ತುಂಬ ಬಳಿಯುತ್ತದೆ, ರಸ್ತೆ ಮಾಯವಾಗುತ್ತದೆ. ಒಂದು, ಎರಡು, ಮೂರು. ಸೂಜಿ ಅಕ್ಕನ ಕೈ ಕಡ್ಡಿಯ ಮೇಲೇ ಉಳಿದುಬಿಡುತ್ತದೆ.

“ಬಾನೆಟ್ ತೆಗಿ,” ಎನ್ನುತ್ತಾರೆ ಕೂತಲ್ಲಿಂದಲೇ. ತೆಗೆದು ಎಳೆದರೆ ನೀರು ಬರುತ್ತದೆ. ಮುಚ್ಚಿ ಎಳೆದರೆ ಇಲ್ಲ.

ಕೆಳಗಿಳಿದವರು ಸೀಮೆಸುಣ್ಣವನ್ನು ಪುಡಿ ಮಾಡಿ ಪೈಪಿನ ಉದ್ದಕ್ಕೂ ಬೆರಳಿಂದ ಸವರುತ್ತಾರೆ. ಬಾನೆಟ್ ಮುಚ್ಚಿ, ಅಂಗೈಯಿಂದ ಒತ್ತಿ, ಮತ್ತೆ ತೆರೆಯುತ್ತಾರೆ. ಬಾನೆಟ್ಟು ತೆರೆದು ಮುಚ್ಚಲು ಆಡುವ ಎಡಗಡೆ ತಿರುಗಣಿಯ ಕಪ್ಪು ಕಬ್ಬಿಣದ ಮೇಲೆ ಬಿಳಿ ಗೆರೆಯೊಂದು ಮೂಡಿದೆ. ಮುಚ್ಚಿದಾಗಲೆಲ್ಲ ಆ ಕಬ್ಬಿಣ ಮಡಚಿಕೊಂಡು ಪೈಪಿನ ಕತ್ತು ಹಿಸುಕುತ್ತದೆ. ತೆರೆದಾಗ ಬಿಡುತ್ತದೆ. ಹಾಗಾಗಿ ತೆರೆದು ನೋಡಿದವರಿಗೆಲ್ಲ ಗಾಡಿ ಸರಿಯಾಗಿದೆ, ಮುಚ್ಚಿ ಓಡಿಸುವವಳಿಗೆ ಮಾತ್ರ ಇಲ್ಲ.

ಪೈಪು ಅಳತೆಗಿಂತ ಒಂದು ಬೆರಳು ಉದ್ದವಿದೆ. ಹೆಚ್ಚಾದದ್ದನ್ನು ಯಾರೋ ಮಡಚಿ ತಿರುಗಣಿಯ ಹಿಂದೆ ಸಿಕ್ಕಿಸಿ ಕಟ್ಟಿದ್ದಾರೆ. ಹೊಸ ಪೈಪು ಗಟ್ಟಿಯಾಗಿದ್ದಷ್ಟು ದಿನ ತಡೆದುಕೊಂಡಿದೆ, ಎಂಜಿನ್ನಿನ ಶಾಖಕ್ಕೆ ಮೆತ್ತಗಾದ ಮೇಲೆ ಸೋತಿದೆ. ಕಟ್ಟಿರುವುದು ಮೇಣದ ದಾರದಲ್ಲಿ. ಗುಂಡಿ ಹೊಲಿದು ಮುಗಿಸುವ ಗಂಟು.

ತಮ್ಮ ಮೂಲೆಯಿಂದ ಕುಂಟುತ್ತ ಬಂದು ಇಣುಕುತ್ತಾನೆ. ಅಕ್ಕನ ಮುಖ ನೋಡಿ ಮತ್ತೆ ಮೂಲೆಗೆ ಸರಿಯುತ್ತಾನೆ.

“ಐದು ವಾರದ ಹಿಂದೆ ಪೈಪು ಬದಲಾಯಿಸಿದ್ದು ನಾನೇ ಅಲ್ವಾ ತಂಗಿ?”

“ಹೌದು ಅಕ್ಕ.”

“ಈ ಗಂಟು ನಂದೇ.”

“ಇರ್ಲಿ ಬಿಡಿ ಅಕ್ಕ, ಸಿಕ್ತಲ್ಲ, ಅಷ್ಟು ಸಾಕು.”

“ಇರ್ಲಿ ಅನ್ಬೇಡ. ಮಕ್ಕಳು ಕೂತಿದ್ರು ಇದರೊಳಗೆ.”

ದಾರ ಕತ್ತರಿಸುತ್ತಾರೆ. ಟೇಪು ಹಿಡಿದು ಒಮ್ಮೆ ಅಳೆಯುತ್ತಾರೆ, ಬಾನೆಟ್ ಅರ್ಧ ಇಳಿಸಿ ಇನ್ನೊಮ್ಮೆ ಅಳೆಯುತ್ತಾರೆ. ಹೆಚ್ಚಾದ ಬೆರಳುದ್ದವನ್ನು ತೆಗೆದು, ತಿರುಗಣಿಯಿಂದ ದೂರಕ್ಕೆ, ಮೊದಲು ಪೈಪು ಹೋಗುತ್ತಿದ್ದ ಕ್ಲಿಪ್ಪಿನಲ್ಲೇ ಕೂರಿಸುತ್ತಾರೆ. ಬಾನೆಟ್ ಮುಚ್ಚಿ ಎದುರಿಗೆ ನಿಂತು “ಎಳಿ” ಎನ್ನುವುದೇ ತಡ, ಎರಡು ಎಳೆ ನೀರು ಕಮಾನಿನಂತೆ ಎದ್ದು ಗಾಜಿಗೆ ಬೀಳುತ್ತದೆ. ಗಾಳಿಗೆ ಹಾರಿದ ಅರ್ಧ ಸೂಜಿ ಅಕ್ಕನ ಮುಖಕ್ಕೇ ರಾಚುತ್ತದೆ. ಒಳಗೆ ಕೂತವಳು ಅಳುತ್ತಲೇ ನಗುತ್ತಾಳೆ. ಗಾಜಿನಲ್ಲಿ ಕೆಸರು ಕರಗಿ ಬೀದಿ, ಬಂಕು, ಬೆಂಚು, ಮುಖ ಒರೆಸಿಕೊಳ್ಳುತ್ತಿರುವ ಹೆಂಗಸು, ಎಲ್ಲ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

“ಹೋಗು, ಮೊದಲು ಮಕ್ಕಳನ್ನ ಬಿಟ್ಟು ಬಾ. ತಪಾಸಣೆ ಮುಗಿಸಿ ಸೀದಾ ಇಲ್ಲಿಗೇ ಬರ್ಬೇಕು. ಪಾಸಾದ್ರೂ ಬಾ, ಫೇಲಾದ್ರೂ ಬಾ.”

ಆಮೇಲೆ ಸೂಜಿ ಅಕ್ಕನಿಗೆ ತಲೆಯೆತ್ತಲು ಬಿಡುವಿಲ್ಲ. ಕೆಸರು ಹನಿಯ ಕೃಪೆ, ಸಾಲು ರಸ್ತೆಯವರೆಗೆ ಬೆಳೆದಿದೆ. ಆದರೂ ಇವತ್ತು ಪ್ರತಿ ಗಾಡಿಗೂ ಹೊಸದೊಂದು ಕೆಲಸ ಸೇರಿದೆ. ರಿಪೇರಿ ಮುಗಿದ ಮೇಲೆ ಬಾನೆಟ್ ಮುಚ್ಚಿ, “ಸ್ವಲ್ಪ ಇಳೀರಿ” ಎಂದು ಚಾಲಕರನ್ನು ಎಬ್ಬಿಸಿ, ತಾವೇ ಒಳಗೆ ಕೂತು ಒಮ್ಮೆ ಕಡ್ಡಿ ಎಳೆಯುತ್ತಾರೆ.

“ಏನಕ್ಕ, ಈ ವಯಸ್ಸಲ್ಲಿ ಡ್ರೈವಿಂಗ್ ಕಲೀತಿದ್ದೀಯಾ?” ತಮ್ಮ ಛೇಡಿಸುತ್ತಾನೆ.

“ನೋಡೋದನ್ನ ಕಲೀತಿದ್ದೀನಿ ಕಣೋ. ನೀನು ಚಹಾ ಕಾಸು.”

ಮುಂದೇನು ಆಸೆ ಎಂದು ಕೇಳಿದರೆ ಅವರು ಸಿರಿಂಜಿಗೆ ಬಿಸಿನೀರು ತುಂಬಿಕೊಳ್ಳುತ್ತಲೇ ಹೇಳುತ್ತಾರೆ. ದೊಡ್ಡ ಅಂಗಡಿ, ಬೋರ್ಡು, ಅದ್ಯಾವುದೂ ಬೇಡ. “ಗಾಡಿ ತಗೊಂಡು ಹೊರಡೋರು ಒಂದ್ಸಲ, ಒಂದೇ ಸಲ, ಆ ಕಡ್ಡಿ ಎಳೆದು ನೋಡ್ಕೊಂಡು ಹೊರಡ್ಲಿ. ಎಲ್ಲರೂ ಹಂಗೆ ಮಾಡಿದ್ರೆ ನನ್ನ ಹತ್ರ ಯಾರೂ ಬರಲ್ಲ. ಬರದಿದ್ರೆ ಒಳ್ಳೇದೇ. ವಾಪಸ್ ಹೋಗಿ ಹೊಲ್ಕೊಂಡಿರ್ತೀನಿ.”

ಹನ್ನೆರಡೂ ಕಾಲಿಗೆ ಹಳದಿ ವ್ಯಾನು ಬಂದು ರಸ್ತೆಯಾಚೆ, ಬೆಂಚಿನ ಪಕ್ಕ ನಿಲ್ಲುತ್ತದೆ. ಗಾಜಿನ ಮೂಲೆಯಲ್ಲಿ ತಪಾಸಣೆ ಪಾಸಾದ ಹೊಸ ಚೀಟಿ ಅಂಟಿದೆ. ಊಟದ ಹೊತ್ತು, ಎದುರಿನ ಬೆಂಚು ತುಂಬಿದೆ. ವ್ಯಾನಿನಾಕೆ ಇನ್ನೂ ಬಾಗಿಲು ತೆರೆದಿಲ್ಲ, ಟ್ಯಾಕ್ಸಿಯವರಲ್ಲೇ ಬಾಯಿಗೆ ಹೆಸರಾದ ದಪ್ಪ ಮೀಸೆಯವನು ಶುರು ಹಚ್ಚುತ್ತಾನೆ.

“ಓಹೋ, ಕೈ ಮೇಡಂ! ಪಾಸಾಯ್ತೇನಮ್ಮ? ಅಂತೂ ಕಡ್ಡಿ ಎಳೆಯೋದು ಕಲಿತ್ರಿ ಅನ್ನಿ!”

ಬೆಂಚು ನಗಲು ಬಾಯಿ ತೆರೆಯುತ್ತದೆ. ಸೂಜಿ ಅಕ್ಕ ಕೈಯಲ್ಲಿದ್ದ ಸಿರಿಂಜನ್ನು ಕೆಳಗಿಡುತ್ತಾರೆ. ಕೈ ಒರೆಸಿಕೊಂಡು ರಸ್ತೆ ದಾಟಿ ಬಂದು ಬೆಂಚಿನ ಮುಂದೆ ನಿಲ್ಲುತ್ತಾರೆ. ದನಿ ಏರಿಸುವುದಿಲ್ಲ. ಕೇಳಬೇಕಾದವರು ತಾವಾಗಿ ಸುಮ್ಮನಾಗುವಷ್ಟು ಮೆಲ್ಲಗಿದೆ ಅದು.

“ಅವಳ ಕೈ ಮೊದ್ಲಿಂದ್ಲೂ ಸರಿ ಇತ್ತು ಅಣ್ಣ. ಪೈಪು ಉದ್ದ ಹಾಕಿ ಸಿಕ್ಕಿಸಿದ್ದು ನಾನು. ಬಾನೆಟ್ ಮುಚ್ಚಿದ್ರೆ ಹಿಸುಕ್ತಿತ್ತು. ಅವಳು ಹೇಳಿದ್ದು ನಿಜ, ನಾನು ನೋಡಿದ್ದು ತಪ್ಪು. ಹೋದ ವಾರ ನಿಮ್ಮೆಲ್ಲರ ಮುಂದೆ ಅವಳಿಗೆ ಅಂದಿದ್ದೆ. ಅದಕ್ಕೇ ನಿಮ್ಮೆಲ್ಲರ ಮುಂದೇನೇ ಹೇಳ್ತಿದ್ದೀನಿ.”

ಮೀಸೆಯವನು ಕೈಯಲ್ಲಿದ್ದ ಲೋಟ ನೋಡುತ್ತಾನೆ. ಸೂಜಿ ಅಕ್ಕ ವ್ಯಾನಿನ ಕಡೆ ತಿರುಗುತ್ತಾರೆ.

“ಸರಿಹೋಯ್ತಾ ತಂಗಿ?”

ಕಿಟಕಿಯ ಗಾಜು ಪೂರ್ತಿ ಇಳಿದಿದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ.

“ಸರಿಹೋಯ್ತಕ್ಕ,” ಎನ್ನುತ್ತಾಳೆ.