ಗ್ಲಫೀರಾಗೆ ಸಿಗುತ್ತಿದ್ದ ಅರ್ಧ ಕ್ಷಮೆ

ನಮ್ಮತ್ತೆ ಗ್ಲಫೀರಾ ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸಕ್ಕೆ ತಯಾರಾಗುವುದನ್ನು ನೋಡಿದರೆ ಯಾವುದೋ ಕುಸ್ತಿಗೆ ಹೊರಟಿದ್ದಾರೆ ಅನ್ನಬೇಕು. ಕಾರಕೋಲ್ ಊರಿನ ನಮ್ಮ ಬೀದಿಯಲ್ಲಿ ಮಿಕ್ಕವರೆಲ್ಲ ಉಪವಾಸದ ಹಿಂದಿನ ವಾರ ದೋಸೆಯಂಥ ಬ್ಲಿನಿ ಹುಯ್ದು, ಬೆಣ್ಣೆ ಸುರಿದುಕೊಂಡು ತಿನ್ನುತ್ತಾರೆ. ಸೋಮವಾರ ಉಪವಾಸ ಶುರುವಾದರೆ ಬೆಣ್ಣೆಯೂ ಇಲ್ಲ, ಹಾಲೂ ಇಲ್ಲ. ಅತ್ತೆ ಮಾತ್ರ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡುತ್ತಾರೆ, ಯಾಕೆಂದರೆ ಹಿಂದಿನ ದಿನ ಭಾನುವಾರ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳಬೇಕು. ಈ ಸಲ ಮೊದಲು ಹಸುವಿನ ಮುಂದೆ ಬಗ್ಗಿದರು, ತಣ್ಣನೆ ಕೈಯಲ್ಲಿ ಹಾಲು ಕರೆದದ್ದಕ್ಕೆ. ಹುಂಜದ ಮುಂದೆ ಬಗ್ಗಿದರು, ಅದು ಹಣೆಗೆ ಕುಕ್ಕಿತು. ಬೈದದ್ದಕ್ಕೆ ರೇಡಿಯೋದ ಹತ್ತಿರವೂ ಕ್ಷಮೆ ಕೇಳಿದರು. ನನ್ನೊಬ್ಬಳನ್ನು ಬಿಟ್ಟರು. ಸೊಸೆಯ ಹತ್ತಿರ ಏನು ಕೇಳೋದು ಅಂತ.

ಇಷ್ಟೆಲ್ಲ ಅಭ್ಯಾಸ ಪಕ್ಕದ ಮನೆ ಕಪಿತೋಲಿನಾಗೋಸ್ಕರ. ಆಕೆಯ ಗಂಡ ಪ್ರೋಖೋರ್ ಸತ್ತಾಗ ನಮ್ಮತ್ತೆ ಶವಪೆಟ್ಟಿಗೆಯ ಪಕ್ಕ ನಿಂತು ಗೊಳ್ಳನೆ ನಕ್ಕುಬಿಟ್ಟಿದ್ದರು. ಯಾಕೆ ಅಂತ ಪಾದ್ರಿಗಳಿಗೂ ಹೇಳಲಿಲ್ಲ. ಕ್ಷಮೆ ಕೇಳಿದವರಿಗೆ ‘ದೇವರು ಕ್ಷಮಿಸ್ತಾನೆ, ನಾನೂ ಕ್ಷಮಿಸಿದ್ದೀನಿ’ ಅನ್ನುವುದು ಪದ್ಧತಿ. ಕಪಿತೋಲಿನಾ ಮಾತ್ರ ಪ್ರತಿ ವರ್ಷ ‘ದೇವರು ಕ್ಷಮಿಸ್ತಾನೆ’ ಅಂದು ಗೇಟು ಹಾಕಿಕೊಳ್ಳುತ್ತಿದ್ದರು. ಅರ್ಧ ಕ್ಷಮೆ ಇಟ್ಟುಕೊಂಡು ಮಾಡಿದ ಉಪವಾಸ ದೇವರಿಗೆ ಮುಟ್ಟಲ್ಲ, ಬರೀ ಹೊಟ್ಟೆ ಒಣಗಿಸಿಕೊಂಡ ಹಾಗೆ ಅಂತ ಅತ್ತೆಯ ಸಂಕಟ. ಈ ಚಳಿಗಾಲ ಹಿಮದಲ್ಲಿ ಜಾರಿ ಬಿದ್ದ ಮೇಲೆ, ಮುಂದಿನ ಉಪವಾಸಕ್ಕೆ ತಾನಿರಲ್ಲ ಅನ್ನುವ ಭಯ ಬೇರೆ ಹತ್ತಿಕೊಂಡಿತ್ತು. ನನಗೂ ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಭಾನುವಾರ ಚರ್ಚಿನಿಂದ ಬಂದವರೇ ಆ ಗೇಟಿನ ಮುಂದೆ, ಕರಗಿದ ಹಿಮದ ಕೆಸರಲ್ಲಿ, ಮಂಡಿಯೂರಿಬಿಟ್ಟರು. ಮಂಡಿ ಹಿಡಿದುಕೊಂಡಿತು. ಮೇಲೇಳೋಕೆ ಆಗಲಿಲ್ಲ. ಕಪಿತೋಲಿನಾ ಬಂದರು, ‘ದೇವರು ಕ್ಷಮಿಸ್ತಾನೆ’ ಅಂದರು, ಗೇಟು ಹಾಕಲು ಹೋದರೆ ಅತ್ತೆ ಅಡ್ಡ. ಎಬ್ಬಿಸಲು ಬಗ್ಗಿದ ಕಪಿತೋಲಿನಾಗೆ ಸೊಂಟ ಹಿಡಿದುಕೊಂಡು ಅವರೂ ಅಲ್ಲೇ ಕುಸಿದರು. ಈಗ ಇಬ್ಬರು ಮುದುಕಿಯರು ಎದುರುಬದುರು ಮಂಡಿಯ ಮೇಲೆ, ನಡುವೆ ನಾನು, ಕೈಯಲ್ಲಿ ಕಪಿತೋಲಿನಾಗೆಂದು ತಂದಿದ್ದ ಬ್ಲಿನಿ ತಟ್ಟೆ.

“ಯಾಕೆ ನಕ್ಕೆ? ಅದನ್ನಾದ್ರೂ ಹೇಳು,” ಅಂದರು ಕಪಿತೋಲಿನಾ.

ಅತ್ತೆ ನೆಲ ನೋಡಿಕೊಂಡು ಹೇಳಿದರು. “ಹೆಣದ ಮೇಲಿನ ಹೊದಿಕೆ ಸರೀತು. ಕಾಲಲ್ಲಿ ನಮ್ಮನೆಯವರ ಉಣ್ಣೆ ಬೂಟಿತ್ತು ಕಣೇ, ನಾನೇ ಹಾಕಿದ್ದ ಕೆಂಪು ತೇಪೆ. ಮೀನು ಹಿಡಿಯೋಕೆ ಇಸ್ಕೊಂಡು ಹೋಗಿ, ಇಸ್ಕೊಂಡೇ ಇಲ್ಲ ಅಂತ ಶಿಲುಬೆ ಮುಟ್ಟಿ ಆಣೆ ಮಾಡಿದ್ನಲ್ಲ, ನಿನ್ನ ಗಂಡ. ಸತ್ತೋನ ಮರ್ಯಾದೆ ಯಾಕೆ ಕಳೀಲಿ ಅಂತ ಸುಮ್ನಿದ್ದೆ.”



“ಗೊತ್ತು,” ಅಂದರು ಕಪಿತೋಲಿನಾ. “ತೊಡಿಸಿದ್ದು ನಾನೇ. ಬೇರೆ ಯಾವುದೂ ಅವನ ಕಾಲಿಗೆ ಹಿಡಿಸ್ಲಿಲ್ಲ. ನೀನು ನಕ್ಕಾಗಲೇ ತಿಳೀತು, ನೋಡಿಬಿಟ್ಟೆ ಅಂತ. ನಾನು ಪೂರ್ತಿ ಕ್ಷಮಿಸಿದ್ರೆ ಆಮೇಲೆ ಬೂಟಿಗೋಸ್ಕರ ನಾನೂ ನಿನ್ನ ಕ್ಷಮೆ ಕೇಳಬೇಕಿತ್ತಲ್ಲ, ನಾಚಿಕೆ ಆಯ್ತು. ಈಗ ಕೇಳ್ತೀನಿ, ಕ್ಷಮಿಸು.”

“ದೇವರು ಕ್ಷಮಿಸ್ತಾನೆ,” ಅಂದರು ಅತ್ತೆ. ಅಂದು ನಿಲ್ಲಿಸಿಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ತಟ್ಟೆ ಅಲ್ಲೇ ಎಸೆದು ಹೋಗೋಣ ಅನ್ನುವಷ್ಟರಲ್ಲಿ ಅತ್ತೆ ನಕ್ಕರು, ಅವತ್ತು ಶವದ ಮುಂದೆ ನಕ್ಕ ಅದೇ ನಗು. ಕಪಿತೋಲಿನಾಗೂ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು.

“ನಾನೂ ಕ್ಷಮಿಸಿದ್ದೀನಿ,” ಅಂದರು ಅತ್ತೆ. “ಬೂಟು ಅವನೇ ಇಟ್ಕೊಳ್ಲಿ.”

“ನಾನೂ ಕ್ಷಮಿಸಿದ್ದೀನಿ ಕಣೇ,” ಅಂದರು ಕಪಿತೋಲಿನಾ.

ಅತ್ತೆ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಕೆಸರಲ್ಲೇ ಕೂತು ಮಗುವಿನ ಹಾಗೆ ಅತ್ತರು. ಇಬ್ಬರನ್ನೂ ಎತ್ತಿ ನಿಲ್ಲಿಸುವಷ್ಟರಲ್ಲಿ ನನ್ನ ಸೊಂಟ ಹೋಯಿತು. ನನ್ನ ಹತ್ತಿರ ಯಾರೂ ಕ್ಷಮೆ ಕೇಳಲಿಲ್ಲ.