ಐದನೇ ಮಾತಿನ ನೀಲಿ

ಆವತ್ತು ಭಾನುವಾರ. ನಲ್ಲಪ್ಪ ಬೆಳಗಿನಿಂದ ಪಡಸಾಲೆಯಲ್ಲಿ ಹಲಗೆ ಹಾಕಿಕೊಂಡು ಕೂತಿದ್ದ. ಎದುರಿಗೆ ದಪ್ಪನೆಯ ಬಿಳಿ ಹಾಳೆ, ಪಕ್ಕದಲ್ಲಿ ಇಂಕಿನ ಬಾಟಲು, ಕೈಯಲ್ಲಿ ಇಂಕು ಪೆನ್ನು. ಹೆಂಡತಿ ಆದಿಲಕ್ಷ್ಮಮ್ಮ ಆಗಲೇ ಎರಡು ಸಲ ಬೈದಾಗಿತ್ತು.

"ರೀ, ಮೇಕೆ ಅರಚ್ಕೊಂತೈತೆ. ಒಂದು ಹೊರೆ ಸೊಪ್ಪು ತಂದಾಕಿ ಆಮೇಲೆ ಕೂತ್ಕೊಳ್ಳಿ."

"ತಡಿಯೇ, ನಾಲ್ಕನೇ ಮಾತು ನಡೀತೈತೆ. ಮೇಕೆಗೇನು ಅವಸರ, ಅದಕ್ಕೇನು ಮದುವೆಯಾ?"

"ಮದುವೆ ಇಲ್ದಿದ್ರೂ ಹೊಟ್ಟೆ ಐತಲ್ಲ."

ಮದುವೆ ಇದ್ದದ್ದು ಮಗಳು ಸಂಘಮಿತ್ರಳದು. ಜಂಗಮಕೋಟೆ ಹತ್ತಿರದ ಅವರ ಕಾಲೊನಿಯಲ್ಲಿ ಮದುವೆಗೆ ಪುರೋಹಿತರನ್ನು ಕರೆಯುವುದಿಲ್ಲ. ಗಂಡು ಹೆಣ್ಣು ಬುದ್ಧನ ಪಟದ ಮುಂದೆ ನಿಂತು ಐದು ಮಾತು ಓದುತ್ತಾರೆ. ಓದಿದ ಹಾಳೆಯ ಕೆಳಗೆ ಇಬ್ಬರೂ ಸಹಿ ಹಾಕುತ್ತಾರೆ. ಬಂದ ಜನ ಆ ಹಾಳೆಯ ಮೇಲೆ ಹೂವಿಟ್ಟು ಹೋಗುತ್ತಾರೆ. ಆಮೇಲೆ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ. ಕಾಲೊನಿಯ ಎಲ್ಲ ಮನೆಯ ಹಾಳೆಗಳನ್ನೂ ಬರೆದವನು ನಲ್ಲಪ್ಪನೇ. ಕೆಲಸ ಹೈಸ್ಕೂಲಿನ ಜವಾನನದು, ಅಕ್ಷರ ಮಾತ್ರ ಅಚ್ಚು ಹಾಕಿದಂತೆ. ಯಾರಾದರೂ ಬಾಲ್ ಪೆನ್ನು ಕೊಟ್ಟರೆ, "ಇದರಲ್ಲಿ ಹಾಜರಿ ಹಾಕ್ಬೋದು, ಮದುವೆ ಮಾಡಕ್ಕಾಗಲ್ಲ" ಎಂದು ಹಿಂದಕ್ಕೆ ತಳ್ಳುತ್ತಿದ್ದ. ಅವನಿಗೆ ನೀಲಿ ಇಂಕೇ ಆಗಬೇಕು.

ಸಂಜೆಗೆ ಬೆರಳು ನೀವಿಕೊಳ್ಳುತ್ತಾ ಎದ್ದ. "ಒಂದು ಮಾತು ಉಳೀತು. ಕೈ ಸೋತೈತೆ, ನಾಳೆ ಬರೀತೀನಿ." ಉಣ್ಣುವಾಗ ಸಾರಿಗೆ ಉಪ್ಪು ಕಮ್ಮಿ ಅಂದ. "ಕೈಗೆ ಎಟುಕ್ತೈತಲ್ಲ, ಹಾಕ್ಕೊಳ್ಳಿ" ಅಂದಳು ಅವಳು. ಅಷ್ಟೇ ಮಾತು. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತ. ಆಟೋ ಶಿಡ್ಲಘಟ್ಟ ಮುಟ್ಟುವುದರೊಳಗೆ ಮುಗಿದುಹೋಗಿತ್ತು.

ಮಣ್ಣಿಗಿಡುವಾಗ ನಲ್ಲಪ್ಪನ ತಮ್ಮ ನರಸಿಂಹಮೂರ್ತಿ ಎಲೆ ಅಡಿಕೆಯ ಜೊತೆಗೆ ಇಂಕಿನ ಬಾಟಲನ್ನೂ ಗುಂಡಿಯೊಳಗಿಟ್ಟ. ಹೋದವರಿಗೆ ಇಷ್ಟವಾದದ್ದನ್ನು ಜೊತೆಗೆ ಕಳಿಸುವುದು ಅವರಲ್ಲಿ ನಡೆದುಕೊಂಡು ಬಂದದ್ದು. ಪೆನ್ನನ್ನೂ ಇಡಲು ಹೋದ. ಸಂಘಮಿತ್ರ ಅವನ ಕೈಯಿಂದ ಕಿತ್ತುಕೊಂಡಳು. ಬಾಟಲಿನ ಯೋಚನೆ ಆಗ ಯಾರಿಗೂ ಬರಲಿಲ್ಲ.

ಮಣ್ಣಿಗೆ ಹಾಲು ತುಪ್ಪ ಬಿಡುವ ದಿನ ಗೌರಿಬಿದನೂರಿನಿಂದ ಬೀಗಿತ್ತಿ ಮುನಿನಂಜಮ್ಮ ಬಂದಳು. ಗಂಡು ಅಂಬರೀಶನ ತಾಯಿ. ಗಟ್ಟಿ ಹೆಂಗಸು. ಮದುವೆಯನ್ನು ಮುಂದಕ್ಕೆ ಹಾಕಿಕೊಂಡು ವರ್ಷದೊಳಗೆ ಮುಗಿಸೋಣ ಎಂದು ತಾನೇ ಹೇಳಿದಳು. ಆಮೇಲೆ ಕೇಳಿದಳು: "ಬೀಗರು ಹಾಳೆ ಪೂರ್ತಿ ಬರೆದಿಟ್ಟವ್ರಾ?"

ನರಸಿಂಹಮೂರ್ತಿ ಬಾಯಿ ತಡೆಯಲಿಲ್ಲ. "ಹೂಂ ಅಕ್ಕ, ಪೂರ್ತಿ ಆಗೈತೆ."

"ಹಂಗಾದ್ರೆ ಸರಿ. ಸತ್ತೋರು ಅರ್ಧಕ್ಕೆ ಬಿಟ್ಟಿದ್ದರ ಮುಂದೆ ನನ್ನ ಮಗನ್ನ ನಿಲ್ಲಿಸ್ತಿರಲಿಲ್ಲ. ಮದುವೆ ಮಾಡ್ಸಕ್ಕೆ ನಮ್ಮ ಕಡೆ ದಾಸಯ್ಯನ್ನೇ ಕರೆಸ್ತಿದ್ದೆ."

ಅವಳು ಬಸ್ಸು ಹತ್ತಿದ ಮೇಲೆ ಆದಿಲಕ್ಷ್ಮಮ್ಮ ಮೈದುನನ ಕಡೆ ತಿರುಗಿದಳು. "ಯಾಕಪ್ಪಾ ಅಂಗಂದೆ?"

"ಭಯ ಆಯ್ತು ಅತ್ತಿಗೆ. ಅಣ್ಣನ ಅಕ್ಷರಾನೂ ನನ್ನ ಅಕ್ಷರಾನೂ ಒಂದೇ. ಅವನೇ ಕೈ ಹಿಡಿದು ತಿದ್ದಿಸಿದ್ದು. ಮಿಕ್ಕ ಒಂದು ಮಾತು ನಾನು ಬರೆದ್ರೆ ಯಾರ ಅಪ್ಪಂಗೂ ಗೊತ್ತಾಗಲ್ಲ. ಇಂಕು ಕೊಡಿ, ಈಗಲೇ ಬರೆದುಬಿಡ್ತೀನಿ."

"ಇಂಕು ನೀನೇ ಇಟ್ಟೆಯಲ್ಲ, ಗುಂಡಿಗೆ."

ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ, "ಅಗೆಯಣಾ?" ಅಂದ.

"ಬಾಯಿ ಮುಚ್ಚು."

ದಾಸಯ್ಯನ ಮಾತು ಕೇಳಿದ ಸಂಘಮಿತ್ರ ಅಡುಗೆಮನೆಯಿಂದಲೇ ಹೇಳಿದಳು: "ಅಪ್ಪನ ಹಾಳೆ ಇಲ್ದೆ ನಾನು ಮದುವೆ ಆಗಲ್ಲಮ್ಮ." ಕೂಗಲಿಲ್ಲ, ಅಳಲಿಲ್ಲ. ಅದಕ್ಕೇ ಆದಿಲಕ್ಷ್ಮಮ್ಮನಿಗೆ ಹೆದರಿಕೆಯಾಯಿತು.

ಆ ಇಂಕಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಬಾಟಲಿನ ಚೀಟಿ ಯಾವತ್ತೋ ಸವೆದುಹೋಗಿತ್ತು. ಉಳಿದದ್ದು ಹಾಳೆ ಕತ್ತರಿಸಿದಾಗ ಮಿಕ್ಕ ಒಂದು ಪಟ್ಟಿ. ನಲ್ಲಪ್ಪ ನಿಬ್ಬು ಸರಿಯಿದೆಯೋ ಇಲ್ಲವೋ ನೋಡಲು ಅದರ ಮೇಲೆ ಗೆರೆ ಎಳೆದಿದ್ದ. ಅದೇ ಕಾಗದ, ಅದೇ ನೀಲಿ. ಆದಿಲಕ್ಷ್ಮಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಒಳಗೆ ಒಣಗಿಹೋಗಿದ್ದ ಪೆನ್ನನ್ನು ತೊಳೆದು ಸೆರಗಿಗೆ ಕಟ್ಟಿಕೊಂಡು ಹೊರಟಳು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಇಂಕು ಕೊಂಡವಳಲ್ಲ.

ಶಿಡ್ಲಘಟ್ಟದಲ್ಲಿ ಸಿಕ್ಕ ಒಂದೇ ಬಾಟಲಿನ ಇಂಕು ಪಟ್ಟಿಯ ಮೇಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಚಿಕ್ಕಬಳ್ಳಾಪುರದಲ್ಲಿ ಹಚ್ಚಿದಾಗ ಸರಿಯಾಗಿ ಕಂಡ ಇಂಕು ಬಸ್ಸಿನಲ್ಲಿ ಕೂತು ನೋಡುವಷ್ಟರಲ್ಲಿ ತೆಳ್ಳಗಾಗಿತ್ತು. ಹಸಿ ಇಂಕನ್ನು ನಂಬಬಾರದು ಎಂದು ಅಲ್ಲಿ ಗೊತ್ತಾಯಿತು. ಚಿಂತಾಮಣಿಯಲ್ಲಿ ನಲ್ಲಪ್ಪ ಹೋಗುತ್ತಿದ್ದ ಅಂಗಡಿ ಈಗ ಮೊಬೈಲ್ ಅಂಗಡಿ. ಅದರಾಚೆಯ ಓಣಿಯಲ್ಲಿ ಒಂದು ಹಳೆಯ ಪುಸ್ತಕದಂಗಡಿ ಇತ್ತು. ಯಜಮಾನ ಆವಲಪ್ಪ ಕನ್ನಡಕವನ್ನು ಹಣೆಗೇರಿಸಿ, ತಾನು ಕೊಟ್ಟ ಇಂಕಿನಲ್ಲಿ ಅವಳು ಪಟ್ಟಿಯ ಮೇಲೆ ಗೆರೆ ಎಳೆದು ಸುಮ್ಮನೆ ನಿಂತದ್ದನ್ನು ನೋಡಿದ.

"ಏಮಮ್ಮಾ, ಬಂಗಾರ ಒರೆ ಹಚ್ಚಿದಂಗೆ ಹಚ್ತಿದೀಯ?"

"ಒಣಗ್ಲಿ ಇರಣ್ಣ."

"ನೀಲಿ ಅಂದ್ರೆ ನೀಲಿ ಕಣಮ್ಮ. ಅದ್ರಾಗೇನೈತೆ?"

"ಆಕಾಶಾನೂ ನೀಲಿ, ಏಟು ಬಿದ್ರೆ ಮೈಯೂ ನೀಲಿ. ಒಂದೇನಣ್ಣ?"

ಅವನು ನಗಲಿಲ್ಲ. ಒಳಗೆ ಹೋಗಿ ಧೂಳು ಹಿಡಿದ ಇನ್ನೆರಡು ಬಾಟಲು ತಂದಿಟ್ಟ. ಮೊದಲನೆಯದು ಒಣಗಿದ ಮೇಲೂ ನಲ್ಲಪ್ಪನ ಗೆರೆಯ ಪಕ್ಕದಲ್ಲಿ ಅವಳಿಜವಳಿಯ ಹಾಗೆ ನಿಂತಿತು. ಅವಳು ಬಿಸಿಲಿಗೆ ಹಿಡಿದಳು, ನೆರಳಿಗೆ ಹಿಡಿದಳು. ಅದೇ. ಎರಡನೆಯದರ ಗೆರೆ ಕಪ್ಪು ಬೆರೆತ ನೀಲಿ. "ಇದು ಕೋರ್ಟು ಕಚೇರಿಯೋರು ಒಯ್ಯೋದು, ಜಪ್ಪಯ್ಯ ಅಂದ್ರೂ ಹೋಗಲ್ಲ" ಅಂದ ಆವಲಪ್ಪ. ಯಾವುದಾದರೂ ಹೆಚ್ಚುಕಮ್ಮಿಯಾದರೆ ಮತ್ತೆ ಇಷ್ಟು ದೂರ ಬರಲು ಅವಳಿಂದ ಆಗುತ್ತಿರಲಿಲ್ಲ. ಎರಡನ್ನೂ ತೆಗೆದುಕೊಂಡಳು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ನರಸಿಂಹಮೂರ್ತಿ ಕೈಕಾಲು ತೊಳೆದು ಹಲಗೆಯ ಮುಂದೆ ಕೂತ. ಪೆನ್ನಿಗೆ ಮೊದಲನೆಯ ಇಂಕು ತುಂಬಿದ. ಪಕ್ಕದಲ್ಲಿ ಬಕೆಟ್ಟಿನ ನೀರಿನಲ್ಲಿ ಸೇವಂತಿಗೆ ಹೂವು ತೇಲುತ್ತಿತ್ತು, ನಾಳೆಗೆಂದು ತಂದದ್ದು. ಆದಿಲಕ್ಷ್ಮಮ್ಮ ಆ ಹೂವನ್ನೇ ನೋಡುತ್ತಿದ್ದಳು. ನಿಬ್ಬು ಹಾಳೆಗೆ ತಾಗುವಷ್ಟರಲ್ಲಿ ಅಂದಳು: "ತಡಿ."

ನೀರು ತೊಟ್ಟಿಕ್ಕುವ ಒಂದು ಹೂವನ್ನು ತೆಗೆದು ಪಟ್ಟಿಯ ಗೆರೆಗಳ ಮೇಲಿಟ್ಟಳು. ಸಂಘಮಿತ್ರಳೂ ಸೇರಿ ಮೂವರೂ ಸುತ್ತ ಕೂತು ಕಾದರು. ಹೂವೆತ್ತಿದಾಗ ನಲ್ಲಪ್ಪನ ಗೆರೆ ಕೊಂಚ ಮಂಕಾಗಿತ್ತು, ಜಾಗ ಬಿಟ್ಟು ಕದಲಿರಲಿಲ್ಲ. ಅಂಗಡಿಯ ಅವಳಿ ಗೆರೆ ಇರಲೇ ಇಲ್ಲ. ನೀಲಿ ನೀರು ಅಷ್ಟೇ. ಕಪ್ಪು ನೀಲಿ ಹಾಕಿದ ಹಾಗೇ ಇತ್ತು.

"ಹಾಳೆ ಮೇಲೆ ಹೂ ಇಡಬ್ಯಾಡಿ ಅನ್ನಣ" ಅಂದ ನರಸಿಂಹಮೂರ್ತಿ.

"ಬಂದೋರ ಕೈ ಹಿಡ್ಕಳಕ್ಕಾಗ್ತದಾ?"

"ಮೊದಲೇ ಗ್ಲಾಸು ಹಾಕ್ಸಿಬಿಟ್ರೆ?"

"ಸಹಿ ಗ್ಲಾಸಿನ ಮೇಲೆ ಹಾಕ್ತಾರಾ? ಪೆನ್ನು ತೊಳೆದು ಕಪ್ಪುನೀಲಿ ತುಂಬ್ಸು."

"ಅತ್ತಿಗೆ! ಕುರುಡಂಗೂ ಗೊತ್ತಾಗ್ತೈತೆ. ನಾನು ಬೀಗಿತ್ತಿಗೆ ಪೂರ್ತಿ ಆಗೈತೆ ಅಂದಿದೀನಿ."

"ಅಂದಿದ್ದು ನೀನು."

ಅವಳು ಮಗಳ ಮುಖ ನೋಡಿದಳು. "ಅವರಮ್ಮ ಎದ್ದು ಹೋದ್ರೆ?"

ಸಂಘಮಿತ್ರ ಹಾಳೆಯನ್ನು ಚಿಕ್ಕಪ್ಪನ ಮುಂದಕ್ಕೆ ಸರಿಸಿದಳು. "ಹೋದ್ರೆ ಹೋಗ್ಲಿ" ಅಂದಳು. "ಮಾತು ಅಳಿಸಿಹೋಗೋದು ಬ್ಯಾಡ. ಬರಿ ಚಿಕ್ಕಪ್ಪ."

ಅವನು ಬರೆದ. ಕಷ್ಟ ಬಂದಾಗ ಒಬ್ಬರಿಗೊಬ್ಬರು ಬೆನ್ನು ತಿರುಗಿಸುವುದಿಲ್ಲ ಎನ್ನುವುದು ಐದನೇ ಮಾತು. ಅಕ್ಷರ ಅಣ್ಣನದೇ ಅನ್ನುವಂತಿತ್ತು. ಬಣ್ಣ ಮಾತ್ರ ದೂರದಿಂದಲೇ ಎದ್ದು ಕಾಣುತ್ತಿತ್ತು.

ಮಾರನೆಯ ದಿನ ಸಮುದಾಯ ಭವನದಲ್ಲಿ ಜನ ತುಂಬಿದ್ದರು. ಹಾಳೆಯನ್ನು ಮೇಜಿನ ಮೇಲಿಟ್ಟಿದ್ದರು. ಮುನಿನಂಜಮ್ಮ ಬಂದವಳೇ ಮೊದಲು ಅದರ ಹತ್ತಿರ ಹೋದಳು. ಬಗ್ಗಿ ನೋಡಿದಳು.

"ಇದೇನಿದು? ಕೆಳಗಿನ ಸಾಲು ಕಪ್ಪಗೈತೆ?"

ನರಸಿಂಹಮೂರ್ತಿ ನೆಲ ನೋಡಿದ. ಅಂಬರೀಶ್ ತನ್ನ ತಾಯಿಯ ಬೆನ್ನ ಹಿಂದೆ ನಿಂತು ಬೆವರು ಒರೆಸಿಕೊಂಡ. ಆದಿಲಕ್ಷ್ಮಮ್ಮ ಮುಂದೆ ಬಂದು ಹಾಳೆಯ ಮೇಲೆ ಬೆರಳಿಟ್ಟಳು.

"ಇಲ್ಲಿಗಂಟ ಅವರು ಬರೆದಿದ್ದು. ಇಲ್ಲಿಗೆ ಹೋಗ್ಬಿಟ್ರು. ಇದು ಅವರ ತಮ್ಮ ಬರೆದಿದ್ದು. ಪೂರ್ತಿ ಆಗೈತೆ ಅಂದಿದ್ದು ಸುಳ್ಳು."

"ನನ್ನ ಮಂಗ ಮಾಡಕ್ಕೆ ಹೊರಟಿದ್ರಾ?"

"ಹೊರಟಿದ್ವಿ. ಅದೇ ಬಣ್ಣದ ಇಂಕೂ ತಂದಿದ್ದೆ. ಅದು ನೀರು ತಡೀಲಿಲ್ಲ. ನಿಮ್ಮ ಮಗನ ಮದುವೇಲಿ ಹೂವಿನ ನೀರಿಗೆ ಮಾತು ಹರಿದುಹೋಗ್ತಿತ್ತು. ಅದಕ್ಕೆ ಇದರಲ್ಲಿ ಬರೆಸಿದೆ. ಹೋಗ್ತೀನಿ ಅಂದ್ರೆ ಹೋಗಿ ಅಕ್ಕ. ನಾನು ಇದನ್ನ ತೆಗೆಯಲ್ಲ."

ಮುನಿನಂಜಮ್ಮ ಮೇಜಿನ ಪಕ್ಕದಲ್ಲಿದ್ದ ಹೂವಿನ ಬಕೆಟ್ಟಿಗೆ ಬೆರಳು ಅದ್ದಿದಳು. ಒದ್ದೆ ಬೆರಳನ್ನು ಐದನೇ ಮಾತಿನ ಮೇಲೆ ಈ ಕಡೆಯಿಂದ ಆ ಕಡೆಗೆ ಒತ್ತಿ ಎಳೆದಳು. ಸಂಘಮಿತ್ರ ಕಣ್ಣು ಮುಚ್ಚಿಕೊಂಡಳು. ಮುನಿನಂಜಮ್ಮ ಬೆರಳು ತಿರುಗಿಸಿ ನೋಡಿದಳು. ಬೆರಳಿಗೆ ಏನೂ ಅಂಟಿರಲಿಲ್ಲ.

ಸೆರಗಿಗೆ ಕೈ ಒರೆಸಿಕೊಂಡು, "ಓದ್ಸಿ, ಹೊತ್ತಾಗ್ತೈತೆ" ಅಂದಳು. ಆಮೇಲೆ ನರಸಿಂಹಮೂರ್ತಿಯ ಕಡೆ ತಿರುಗಿ, "ನಿನ್ನ ಬಾಯಿ ಮಾತು ಮಾತ್ರ ನಾನು ಇನ್ಮೇಲೆ ನಂಬಲ್ಲ ಕಣಪ್ಪಾ" ಅಂದಳು. ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಅಂಬರೀಶ್ ಐದನೇ ಮಾತನ್ನು ಎಲ್ಲಕ್ಕಿಂತ ಜೋರಾಗಿ ಓದಿದ. ಸಹಿ ಬಿತ್ತು. ಹೂವು ಬಿತ್ತು.

ಹಾಳೆ ಈಗ ಗೌರಿಬಿದನೂರಿನಲ್ಲಿ ಮಗಳ ಮನೆಯ ಗೋಡೆಯಲ್ಲಿದೆ. ಪೆನ್ನು ಇಲ್ಲೇ ಉಳಿಯಿತು. ಕಾಲೊನಿಯಲ್ಲಿ ಇನ್ನೂ ಮದುವೆಗಳಿವೆ, ಬರೆಯಲು ನರಸಿಂಹಮೂರ್ತಿ ಇದ್ದಾನೆ. "ಇದು ಗಟ್ಟಿ ಇಂಕು ಅತ್ತಿಗೆ, ಸುಮ್ನೆ ಇಟ್ರೆ ನಿಬ್ಬಲ್ಲೇ ಹೆಪ್ಪುಗಟ್ತೈತೆ. ದಿನಾ ಒಂದೆರಡು ಗೆರೆ ಎಳೀತಿರಿ" ಎಂದು ಹೇಳಿಹೋದ.

ಆದಿಲಕ್ಷ್ಮಮ್ಮ ಬೆಳಿಗ್ಗೆ ಎದ್ದು, ಅಂಗಳಕ್ಕೆ ನೀರು ಹಾಕಿ, ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿಕೊಂಡು ಹೊಸ್ತಿಲ ಬಳಿ ಕೂರುತ್ತಾಳೆ. ಮೊದಮೊದಲು ಗೆರೆಯನ್ನೇ ಎಳೆಯುತ್ತಿದ್ದಳು. ಈಗ ಗಂಡನ ಹೆಸರು ಬರೆಯುತ್ತಾಳೆ. ಹೆಂಡತಿಯಾದವಳು ಬಾಯಲ್ಲಿ ಹೇಳಬಾರದೆಂದು ಇಷ್ಟು ವರ್ಷ ಒಂದು ಸಲವೂ ಕರೆಯದ ಹೆಸರು. ಲಕಾರದ ಒತ್ತು ಇನ್ನೂ ಸರಿಯಾಗಿ ಕೂರುವುದಿಲ್ಲ. ಬರೆದು, ನಿಬ್ಬನ್ನು ಬಟ್ಟೆಗೆ ಒರೆಸಿ, ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಒಲೆ ಹಚ್ಚಲು ಒಳಗೆ ಹೋಗುತ್ತಾಳೆ.