ಮೇಡಂ ಕೊಟ್ಟ ನಕ್ಷತ್ರ

ಮಗು ಹುಟ್ಟುವ ತನಕ ಆಕೆ ಮಕ್ಕಳ ವಾರ್ಡಿನಲ್ಲಿ ನರ್ಸು. ಆಮೇಲೆ ಪಾಳಿ ಕೆಲಸ ಆಗದೆ, ದೂರಶಿಕ್ಷಣದ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಪಾಠ ಹೇಳಲು ಸೇರಿದಳು. ಮಲಗುವ ಕೋಣೆಯ ಇಸ್ತ್ರಿ ಮೇಜೇ ಅವಳ ಕಾಲೇಜು. ಮೇಲೆ ಲ್ಯಾಪ್‌ಟಾಪು, ಕೆಳಗೆ ಕಾಲಿಗೆ ತೊಡರುವ ಆಟದ ಸಾಮಾನು, ಬಾಗಿಲಾಚೆ ಮಗುವನ್ನೆತ್ತಿಕೊಂಡು ಓಡಾಡುವ ಅತ್ತೆ. ವಿದ್ಯಾರ್ಥಿಗಳೆಲ್ಲ ದೂರದೂರದ ಸಣ್ಣ ಆಸ್ಪತ್ರೆಗಳಲ್ಲಿ ಆಗಲೇ ಕೆಲಸಕ್ಕಿದ್ದವರು. ಪರದೆಯ ಮೇಲೆ ಮಾತ್ರ ಮುಖವಿಲ್ಲದ ಕಪ್ಪು ಚೌಕಗಳು. "ಅರ್ಥ ಆಯ್ತಾ?" ಎಂದರೆ ಸಾಲುಸಾಲಾಗಿ ಹೆಬ್ಬೆಟ್ಟಿನ ಚಿತ್ರ. ಅರ್ಥವಾಯಿತೋ, ಹೆಬ್ಬೆಟ್ಟು ಒತ್ತಿ ನಿದ್ದೆಗೆ ಜಾರಿದರೋ ದೇವರೇ ಬಲ್ಲ.

"ಏನಮ್ಮಾ, ಗೋಡೆ ಹತ್ರ ಅಷ್ಟೊತ್ತು ಮಾತಾಡ್ತೀಯ, ನನ್ನ ಹತ್ರ ಎರಡು ಮಾತಿಲ್ಲ," ಎಂದು ಅತ್ತೆ ಛೇಡಿಸುತ್ತಿದ್ದರು.

"ಗೋಡೆ ಆದ್ರೂ ವಾಸಿ ಅತ್ತೆ, ಅದಕ್ಕೆ ಕಿವಿ ಇರುತ್ತಂತೆ."

ಕೊನೆಗೆ ಅವಳೊಂದು ಉಪಾಯ ಹೂಡಿದಳು. ಪ್ರತಿ ವಾರದ ಪಾಠದ ಸಾರವನ್ನು ವಿದ್ಯಾರ್ಥಿಗಳೇ ಬರೆದು ಎಲ್ಲರೂ ನೋಡುವ ಜಾಗಕ್ಕೆ ಹಾಕಬೇಕು. ಚೆನ್ನಾಗಿದ್ದರೆ ಮೇಡಂ ನಕ್ಷತ್ರ ಕೊಡುತ್ತಾರೆ, ನಕ್ಷತ್ರಕ್ಕೆ ಅಂಕವೂ ಉಂಟು. ಅಂಕ ಎಂದದ್ದೇ ತಡ, ಕಪ್ಪು ಚೌಕಗಳಿಗೆ ಜೀವ ಬಂತು. ವಿಭಾಗದ ಮುಖ್ಯಸ್ಥರು ಸಭೆಯಲ್ಲಿ ಹೊಗಳಿದರು. ಅವಳಿಗೂ ಒಳಗೊಳಗೇ ಹಿಗ್ಗು.

ಮಕ್ಕಳ ಔಷಧಿಯ ಲೆಕ್ಕ ಕಲಿಸಿದ ವಾರ ತರಗತಿಯ ಜಾಣೆಯೊಬ್ಬಳ ಪುಟ ಬಂತು. ಬಣ್ಣದ ಗೆರೆ, ದುಂಡಗಿನ ಅಕ್ಷರ. ಮಗುವಿಗೆ ಹಾಲೂಡಿಸುತ್ತ, ಒಂದು ಕೈಯಲ್ಲಿ ಫೋನು ಹಿಡಿದು ಅವಳು ಅರ್ಧ ಓದಿದಳು. ಮಗು ಕೊಸರಾಡಿತು. ನಕ್ಷತ್ರ ಒತ್ತಿಬಿಟ್ಟಳು.

ಮುಂದೆ ಕಿರುಪರೀಕ್ಷೆಯ ಉತ್ತರ ತಿದ್ದುವಾಗ ನೋಡಿದರೆ ಎಲ್ಲರದ್ದೂ ಒಂದೇ ತಪ್ಪು. ಕಿಲೋಗೆ ಇಷ್ಟು ಎಂಬುದನ್ನು ಮಗುವಿನ ತೂಕದಿಂದ ಗುಣಿಸಿದಾಗ ಬರುವುದು ಇಡೀ ದಿನದ ಔಷಧಿ. ಅದನ್ನು ಮೂರು ಪಾಲು ಮಾಡಿ ಮೂರು ಹೊತ್ತು ಕೊಡಬೇಕು. ಇವರೆಲ್ಲ ಪಾಲು ಮಾಡುವುದನ್ನೇ ಬಿಟ್ಟು, ದಿನದ್ದಷ್ಟನ್ನೂ ಒಂದೊಂದು ಹೊತ್ತಿಗೂ ಬರೆದಿದ್ದರು. ಜಾಣೆಯ ಪುಟದ ಕೆಳಗಿನ ಅರ್ಧದಲ್ಲಿದ್ದದ್ದೂ ಅದೇ.

ನಕ್ಷತ್ರ ತೆಗೆದಳು. ಪುಟ ಅಳಿಸಿದಳು. ತರಗತಿಯಲ್ಲಿ ಗಂಟಲು ಹರಿದುಕೊಂಡಳು.

"ಅದಕ್ಕೆ ನೀವೇ ನಕ್ಷತ್ರ ಕೊಟ್ಟಿದ್ರಲ್ಲ ಮೇಡಂ?" ಎಂದಿತು ಒಂದು ಚೌಕ.

"ಪೂರ್ತಿ ಓದಿರ್ಲಿಲ್ಲಮ್ಮ. ತಪ್ಪು ನಂದೇ. ನಿಮ್ಮ ಹತ್ರ ಇರೋದನ್ನೂ ಅಳಿಸಿಬಿಡಿ."

"ಎಲ್ಲೆಲ್ಲಿ ಅಂತ ಅಳಿಸೋದು ಮೇಡಂ? ಫೋಟೋ ತೆಗೆದು ಗ್ರೂಪಿಗೆಲ್ಲ ಹಾಕಾಯ್ತು. ಸೀನಿಯರ್ಸ್‌ಗೂ ಹೋಗಿದೆ."

"ಯಾವ ಗ್ರೂಪು? ನನ್ನನ್ನೂ ಸೇರಿಸಿ."

"ಅದು ನಮ್ದೇ ಮೇಡಂ... ಸುಮ್ನೆ ತಮಾಷೆಗೆ," ಎಂದು ಯಾರೋ ಗೊಣಗಿದರು. ಬೆನ್ನಿಗೇ ಹೆಬ್ಬೆಟ್ಟುಗಳ ಸಾಲು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಮಾತು ಹೋಗಿರಲಿಲ್ಲ, ಅವಳ ನಕ್ಷತ್ರ ಹೊತ್ತು ಊರೂರು ತಿರುಗುತ್ತಿತ್ತು. ಮುಖ್ಯಸ್ಥರು, "ಗಾಬರಿ ಬೇಡಮ್ಮ, ಸುತ್ತೋಲೆ ಕಳಿಸೋಣ. ಮೇಲಿನವರ ಸಹಿ ಆಗ್ಲಿ," ಎಂದರು. ಸಹಿಯಾಗುವವರೆಗೆ ಕಾಯಿಲೆ ಕಾಯುತ್ತದೆಯೇ? ಅವಳು ಒಬ್ಬೊಬ್ಬರಿಗೇ ಫೋನು ಮಾಡುತ್ತ ಕುಳಿತಳು. ಕೆಲವರು ಎತ್ತಿದರು, ಕೆಲವರು ವ್ಯಾಪ್ತಿ ಪ್ರದೇಶದ ಹೊರಗಿದ್ದರು.

"ಅಯ್ಯೋ ಮೇಡಂ, ನಾನದನ್ನ ಪ್ರಿಂಟ್ ಹಾಕ್ಸಿ ಔಷಧಿ ಬೀರು ಬಾಗಿಲಿಗೇ ಅಂಟಿಸಿದ್ದೆ," ಎಂದಳು ಒಬ್ಬ ಹುಡುಗಿ.

"ಈಗ್ಲೇ ಕಿತ್ತುಹಾಕು ತಾಯಿ!"

"ನಾನಲ್ಲಿಲ್ಲ ಮೇಡಂ, ಬೇರೆ ಆಸ್ಪತ್ರೆಗೆ ವರ್ಗ ಆಯ್ತು. ಅಲ್ಲಿಗೆ ಯಾರೋ ಹೊಸಬರು ಬಂದಿದ್ದಾರೆ. ಪಾಪ, ಏನೂ ಗೊತ್ತಿಲ್ಲದೋರು, ಅನುಕೂಲ ಆಗ್ಲಿ ಅಂತ ಬಿಟ್ಟು ಬಂದೆ."

ಆ ಆಸ್ಪತ್ರೆಯ ನಂಬರು ಇಸಿದುಕೊಂಡು ಒತ್ತಿದಳು. ಅತ್ತ ಫೋನು ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಕೈ ಕೆಲಸದಲ್ಲಿರಬೇಕು, ಯಾವುದಾದರೂ ಮಗು ಬಂದಿರಬೇಕು. ಆ ಯೋಚನೆ ಬಂದದ್ದೇ ಅವಳ ಬೆರಳು ಮತ್ತೆ ಅದೇ ನಂಬರು ಒತ್ತಿತು.